ಖಿನ್ನತೆ, ಸಂಧಿವಾತ, ಜೊತೆಗೆ ಸ್ಪರ್ಶ-ವಾಸನೆ ತಡೆಯದ ತಂಗಿಗೆ ಮಳೆಗಾಲದಲ್ಲಿ ಸ್ನಾನ, ಹಲ್ಲು, ತಲೆಕೂದಲು ಹೇಗೆ?

ಶರಾವತಿದಡ (ಹೊನ್ನಾವರ)

ತಂಗಿಯ ಒಪ್ಪಿಗೆ ಕೇಳಿಕೊಂಡೇ ಬರೆಯುತ್ತಿದ್ದೇನೆ. ವಯಸ್ಸು 27. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ), ಖಿನ್ನತೆಗೆ ಬೇರೆ ಮಾತ್ರೆ. ಚಿಕ್ಕಂದಿನಿಂದಲೂ ಕೆಲವು ಅವಳಿಗೆ ತಡೆಯೋದೇ ಇಲ್ಲ: ತಲೆ ಮೇಲೆ ನೀರು ಬೀಳೋದು, ಸೋಪಿನ ಪರಿಮಳ, ಪೇಸ್ಟಿನ ಖಾರ, ತಂಬಿಗೆ ಬಕೆಟ್ಟಿಗೆ ತಾಗುವ ಸದ್ದು, ಒದ್ದೆ ಮೈಗೆ ಬಟ್ಟೆ ಅಂಟೋದು.

ಈಗ ಪೂರ್ತಿ ಸ್ನಾನ ವಾರಕ್ಕೊಂದು ಆದರೆ ದೊಡ್ಡದು. ಹಲ್ಲುಜ್ಜೋದು ಎರಡು-ಮೂರು ದಿನಕ್ಕೊಮ್ಮೆ. ಸ್ತನದ ಕೆಳಗೆ ಮತ್ತು ತೊಡೆಸಂದಿಯಲ್ಲಿ ಕೆಂಪಾಗಿ ತುರಿಸುತ್ತಿದೆ. ಕೂದಲು ಹಿಂದುಗಡೆ ಗಂಟುಕಟ್ಟಿದೆ. ಬಚ್ಚಲು ಮನೆಗೆ ತಾಗಿ ಹೊರಗಿದೆ, ಹಂಡೆ ಒಲೆ. ಆಷಾಢದ ಮಳೆಯಲ್ಲಿ ಅಲ್ಲಿಗೆ ಹೋಗೋದೇ ಒಂದು ಕೆಲಸ. ಆಯಿ ಮೀಯದೆ ತಿಂಡಿ ಕೊಡೋದಿಲ್ಲ ಅಂತಾಳೆ. ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವ ಸಲಹೆ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ. ಕೈಯಲ್ಲಿ ಮಾಡಬಹುದಾದ್ದನ್ನು ಹೇಳಿ.

ಕಾಳಿನದಿ (ಕಾರವಾರ, ಆಕ್ಯುಪೇಷನಲ್ ಥೆರಪಿ: ದಿನನಿತ್ಯದ ಕೆಲಸ ಸುಲಭ ಮಾಡಿಕೊಡುವ ಚಿಕಿತ್ಸೆ)

ಅಕ್ಕಾ, ಮೊದಲು ಅವಳ ಹತ್ತಿರ ಒಂದೇ ಪ್ರಶ್ನೆ ಕೇಳಿ: ಸ್ನಾನದಲ್ಲಿ ಎಲ್ಲಿಗೆ ಬಂದು ನಿಂತುಹೋಗುತ್ತದೆ? ಹಾಸಿಗೆಯಿಂದ ಏಳಬೇಕು, ಅಂಗಳ ದಾಟಬೇಕು, ನೀರು ತೋಡಿ ಬೆರೆಸಬೇಕು, ಬಟ್ಟೆ ಬಿಚ್ಚಬೇಕು, ಬಗ್ಗಿ ಸುರಿದುಕೊಳ್ಳಬೇಕು, ಉಜ್ಜಬೇಕು, ಒರೆಸಬೇಕು, ಮತ್ತೆ ಬಟ್ಟೆ ಹಾಕಬೇಕು. ಏಳೋಕೇ ಆಗ್ತಿಲ್ಲ ಅಂದರೆ ಖಿನ್ನತೆಯ ಭಾರ. ನೀರು ತೋಡೋಕೆ ಆಗಲ್ಲ ಅಂದರೆ ಮಣಿಕಟ್ಟು. ನೀರು ಬಿದ್ದ ಕೂಡಲೇ ಮೈಯೆಲ್ಲ ಬಿಗಿಯುತ್ತದೆ ಅಂದರೆ ಸ್ಪರ್ಶದ ತೊಂದರೆ. ಇವಕ್ಕೆ ಉಪಾಯ ಬೇರೆ ಬೇರೆ. ಎಲ್ಲಕ್ಕೂ ‘ದಿನಾ ಮಿಂದ್ಕೋ’ ಅಂದರೆ ಯಾವುದಕ್ಕೂ ಉತ್ತರ ಆಗೋದಿಲ್ಲ.

ಚರ್ಮದ ಆರೋಗ್ಯಕ್ಕೆ ದಿನಾ ಪೂರ್ತಿ ಸ್ನಾನ ಕಡ್ಡಾಯವಲ್ಲ. ವಾರಕ್ಕೆ ಎರಡು ಸಲ ಸಾಧ್ಯವಾದರೆ ಬಹಳ ಒಳ್ಳೇದು, ಉಳಿದ ದಿನ ಒರೆಸಿಕೊಂಡರೆ ಸಾಕು. ದಿನಾ ತಪ್ಪಿಸಬಾರದ ಜಾಗಗಳು ಇವಿಷ್ಟೇ: ಕಂಕುಳು, ಸ್ತನದ ಕೆಳಗೆ, ತೊಡೆಸಂದು, ಗುಪ್ತಾಂಗ ಮತ್ತು ಹಿಂಭಾಗ, ಕಾಲ್ಬೆರಳ ಸಂದು. ನಮ್ಮ ಕರಾವಳಿಯ ಹವೆಯಲ್ಲಿ ಬೆವರು ಆರೋದೇ ಇಲ್ಲ, ಹಾಗಾಗಿ ಮಡಿಕೆ ಇರುವ ಕಡೆಯೇ ಮೊದಲು ಕೆಡೋದು.

ಒರೆಸಿಕೊಳ್ಳೋದಕ್ಕೆ ಕೋಣೆಯೇ ಸಾಕು. ಎರಡು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ 3-3 ಲೀಟರ್ ಉಗುರುಬೆಚ್ಚಗಿನ ನೀರು ಇಡಿ. ನಾಲ್ಕು ತುಂಡು ಹಳೇ ಪಂಚೆ ಬಟ್ಟೆ, ಒಂದು ಒಣ ಪಾಣಿಪಂಚೆ, ಹಾಕಿಕೊಳ್ಳೋ ಬಟ್ಟೆ ಎಲ್ಲ ಕೈಗೆಟುಕುವಂತೆ ಇರಲಿ, ಮಧ್ಯೆ ಏಳುವಂತಾಗಬಾರದು. ಒಂದು ಬೇಸಿನ್ನಿಗೆ ಮಾತ್ರ ಪರಿಮಳವಿಲ್ಲದ ದ್ರವ ಸೋಪು ಅರ್ಧ ಚಮಚ. ಅದಕ್ಕಿಂತ ಹೆಚ್ಚಾದರೆ ತೊಳೆದು ತೆಗೆಯೋಕೆ ಆಗದೆ ಅದೇ ತುರಿಕೆಗೆ ದಾರಿ. ಮುಖ, ಕುತ್ತಿಗೆ ಬರೀ ನೀರಿನಲ್ಲಿ. ಆಮೇಲೆ ಕಂಕುಳು, ಸ್ತನದ ಕೆಳಗೆ, ಹೊಟ್ಟೆ. ಬಟ್ಟೆ ಬದಲಿಸಿ ಪಾದ. ಮತ್ತೊಂದು ಬಟ್ಟೆಯಲ್ಲಿ ತೊಡೆಸಂದು, ಗುಪ್ತಾಂಗ, ಯಾವಾಗಲೂ ಮುಂದಿನಿಂದ ಹಿಂದಕ್ಕೆ; ಯೋನಿಯ ಒಳಗೆ ಸೋಪು ಹೋಗಬಾರದು. ಕೊನೆಗೆ ಸೋಪಿಲ್ಲದ ನೀರಿನ ಬಟ್ಟೆಯಿಂದ ಒಮ್ಮೆ.

ಇಡೀ ಮೈ ಬಿಚ್ಚುವುದು ಬೇಡ. ಯಾವ ಭಾಗ ಒರೆಸುತ್ತಾಳೋ ಅಷ್ಟೇ ತೆರೆಯಲಿ, ಉಳಿದದ್ದಕ್ಕೆ ಹೊದಿಕೆ ಇರಲಿ. ಚಳಿಗಾಳಿ ತಾಗೋದೇ ಅನೇಕರಿಗೆ ನೀರಿಗಿಂತ ಕಷ್ಟ. ಬಟ್ಟೆ ಹಿಂಡೋದು ಮಣಿಕಟ್ಟಿಗೆ ಕೆಟ್ಟದ್ದು, ನೀವೇ ಹಿಂಡಿ ಕೊಡಿ; ಇಲ್ಲವೆಂದರೆ ಬೇಸಿನ್ನಿನ ಬದಿಗೆ ಅಂಗೈಯಲ್ಲಿ ಒತ್ತಿ ನೀರಿಳಿಸಬಹುದು. ಒರೆಸುವಾಗ ಮೆಲ್ಲಗೆ ಸವರಬಾರದು. ಸ್ಪರ್ಶ ತಡೆಯದವರಿಗೆ ಹಗುರ ಸವರಿಕೆಯೇ ಮುಳ್ಳು. ಬಟ್ಟೆ ಇಟ್ಟು ಒತ್ತಿ, ಎತ್ತಿ, ಪಕ್ಕಕ್ಕೆ ಮತ್ತೆ ಒತ್ತೋದನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಒಣಗಿಸುವಾಗಲೂ ಹೀಗೇ.

ಪೂರ್ತಿ ಸ್ನಾನದ ದಿನಕ್ಕೆ ಬಚ್ಚಲಲ್ಲಿ ಕೆಲವು ಬದಲಾವಣೆ ಬೇಕು. ತಗ್ಗಿನ ಮಣೆ ತೆಗೆದುಬಿಡಿ. ಮಂಡಿ, ಸೊಂಟ ನೋಯುವವರು ಅದರಿಂದ ಏಳುವಾಗಲೇ ಬೀಳೋದು. 40ರಿಂದ 45 ಸೆಂ.ಮೀ. ಎತ್ತರದ, ಕಾಲಿಗೆ ರಬ್ಬರ್ ಬೂಟು ಇರುವ ಗಟ್ಟಿ ಪ್ಲಾಸ್ಟಿಕ್ ಸ್ಟೂಲ್ ಇಡಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಾದರೆ ಇನ್ನೂ ಒಳ್ಳೇದು. ಬಕೆಟ್ಟನ್ನೂ ಅಷ್ಟೇ ಎತ್ತರಕ್ಕೆ ಇನ್ನೊಂದು ಸ್ಟೂಲಿನ ಮೇಲೆ ಇಟ್ಟರೆ ಬಗ್ಗೋದು ತಪ್ಪುತ್ತದೆ. ಲೋಹದ ತಂಬಿಗೆ ಬೇಡ, ಎರಡು ಬದಿ ಹಿಡಿ ಇರುವ ಅರ್ಧ ಲೀಟರಿನ ಪ್ಲಾಸ್ಟಿಕ್ ಮಗ್ ಇರಲಿ. ಸದ್ದೂ ಕಡಿಮೆ, ಭಾರವೂ ಎರಡು ಕೈಗೆ ಹಂಚುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆ ನೀರು. ಇದು ತಿರುಗಮುರುಗ ಆದರೆ ಸುಟ್ಟುಕೊಳ್ಳೋದು ಗ್ಯಾರಂಟಿ. ಹದ 37-38 ಡಿಗ್ರಿ, ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ನೀರು ಪಾದದಿಂದ ಶುರುವಾಗಿ ಮೇಲಕ್ಕೆ ಬರಲಿ, ಹೆಗಲಿಗೆ ನಿಲ್ಲಲಿ. ತಲೆಗೆ ಆ ದಿನ ಬೇಡವೇ ಬೇಡ. ತೆಳು ಹತ್ತಿ ಬಟ್ಟೆ ಹೆಗಲಿಗೆ ಹೊದ್ದು ಅದರ ಮೇಲೆ ನೀರು ಹಾಕಿಕೊಂಡರೆ ನೀರಿನ ಏಟು ಗೊತ್ತಾಗೋದಿಲ್ಲ.

ಮಳೆಗಾಲದಲ್ಲಿ ಬಚ್ಚಲ ಕಲ್ಲಿಗೆ ಪಾಚಿ ಬರುತ್ತದಲ್ಲ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜೋದಾದರೆ ಹಿಂದಿನ ದಿನವೇ ಮುಗಿಸಿ, ಅವಳಿಗೆ ಆ ವಾಸನೆ ತಾಗಬಾರದು. ಬ್ಲೀಚಿಂಗ್ ಜೊತೆ ಕಕ್ಕಸು ತೊಳೆಯುವ ಆಸಿಡ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಮುರುಗಲು (ಕುಮಟಾ, ದಂತವೈದ್ಯ)

ಹಲ್ಲಿನ ವಿಷಯ ಮಾತ್ರ ಹೇಳುತ್ತೇನೆ.

ದಿನಕ್ಕೆ ಒಂದೇ ಸಲ ಆಗೋದಾದರೆ ರಾತ್ರಿಯದ್ದನ್ನು ಉಳಿಸಿಕೊಳ್ಳಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹುಳುಕಿಗೆ ಅದೇ ಹೊತ್ತು. ಖಿನ್ನತೆಯ ಕೆಲವು ಮಾತ್ರೆಗಳು, ಅದರಲ್ಲೂ ಅಮಿಟ್ರಿಪ್ಟಿಲಿನ್ ಥರದವು, ಬಾಯಿ ಒಣಗಿಸುತ್ತವೆ. ಆಗ ಅಪಾಯ ಇನ್ನೂ ಹೆಚ್ಚು.

ಪೇಸ್ಟಿನ ‘ಖಾರ’ ಬರೋದು ಪುದೀನದಿಂದ, ಉರಿ ಬರೋದು ಅನೇಕ ಸಲ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟಿನಿಂದ. ಮೆಥೊಟ್ರೆಕ್ಸೇಟಿನಿಂದ ಬಾಯಿಹುಣ್ಣು ಬರೋ ಸಾಧ್ಯತೆ ಇರೋದರಿಂದ ಸಲ್ಫೇಟ್ ಇಲ್ಲದ್ದನ್ನೇ ಹುಡುಕಿ. ಮಕ್ಕಳ ಹಣ್ಣಿನ ರುಚಿಯ ಪೇಸ್ಟೂ ಅಡ್ಡಿಲ್ಲ, ಆದರೆ ಡಬ್ಬಿಯ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಅಂತ ಓದಿ. ಮಕ್ಕಳವು ಹಲವು 500ರ ಆಸುಪಾಸು, ಕೆಲವಕ್ಕೆ ಫ್ಲೋರೈಡೇ ಇಲ್ಲ. ದೊಡ್ಡವರಿಗೆ 1000ರಿಂದ 1500 ಬೇಕು. ಬಟಾಣಿಯಷ್ಟು ಪೇಸ್ಟ್ ಸಾಕು. ಬ್ರಷ್ ಒದ್ದೆ ಮಾಡದೆ ಹಚ್ಚಿದರೆ ನೊರೆ ಕಡಿಮೆ. ಉಜ್ಜಿ ಉಗಿಯಲಿ, ಬಾಯಿ ಮುಕ್ಕಳಿಸೋದು ಬೇಡ. ಮುಕ್ಕಳಿಸಿದರೆ ಫ್ಲೋರೈಡೆಲ್ಲ ಹೋಗುತ್ತದೆ. ಅಂದರೆ ಸಿಂಕಿನ ತನಕ ಹೋಗುವ ಅಗತ್ಯವೂ ಇಲ್ಲ, ಹಾಸಿಗೆಯಲ್ಲೇ ಕೂತು ಒಂದು ಬಟ್ಟಲಿಗೆ ಉಗಿಯಬಹುದು.

ಬ್ರಷ್ಷು ಸಣ್ಣ ತಲೆಯದ್ದು, ಅತಿ ಮೃದು ಎಳೆಯದ್ದು. ಹಿಡಿಯ ಸುತ್ತ ಹಳೇ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ದಪ್ಪ ಮಾಡಿ, ಇಲ್ಲವೇ ಸೈಕಲ್ ಹ್ಯಾಂಡಲಿನ ಗ್ರಿಪ್ ಏರಿಸಿ. ಬೆರಳು ಪೂರ್ತಿ ಮಡಚದವರಿಗೂ ಹಿಡಿತ ಸಿಗುತ್ತದೆ. ಬ್ಯಾಟರಿ ಬ್ರಷ್ಷು ಕೈಗೆ ಸುಲಭ, ಆದರೆ ಅದರ ಗುಂಯ್‌ಗುಟ್ಟುವಿಕೆ ಇವರಿಗೆ ಆಗಬಹುದು, ಆಗದೆಯೂ ಇರಬಹುದು. ದುಬಾರಿದ್ದು ತರುವ ಮುಂಚೆ ಯಾರದ್ದಾದರೂ ಬ್ರಷ್ಷನ್ನು ಆನ್ ಮಾಡಿ ಕೈಗೆ, ಕೆನ್ನೆಗೆ ಹಿಡಿದು ನೋಡಲಿ.

ಏನೂ ಆಗದ ದಿನ ಒದ್ದೆ ಹತ್ತಿ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ ಹಲ್ಲಿಗೂ ವಸಡಿಗೂ ಸೇರುವ ಗೆರೆ ಒರೆಸಲಿ. ಬ್ರಷ್ಷಿನಷ್ಟು ಆಗೋದಿಲ್ಲ, ಏನೂ ಮಾಡದ್ದಕ್ಕಿಂತ ಬಹಳ ಮೇಲು.

ಇದ್ದಿಲು ಪುಡಿ, ಉಪ್ಪು, ಕೆಂಪು ಹಲ್ಲುಪುಡಿ ಬೇಡ, ಹಲ್ಲನ್ನು ತೇಯುತ್ತವೆ. ಬಾಯಿ ಒಣಗುತ್ತದೆ ಅಂತ ಕವಳ (ಎಲೆಅಡಿಕೆ) ಹಾಕುವ ಅಭ್ಯಾಸ ನಮ್ಮ ಕಡೆ ಇದೆ. ತಂಬಾಕಿಲ್ಲದ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ, ಖಂಡಿತ ಬೇಡ. ಮುರುಗಲು ಪಾನಕ, ಲಿಂಬು ಶರಬತ್ತು ದಿನವಿಡೀ ಗುಟುಕು ಗುಟುಕಾಗಿ ಕುಡಿಯೋದೂ ಬೇಡ, ಹುಳಿ ಮತ್ತು ಸಕ್ಕರೆ ಎರಡೂ ಹಲ್ಲಿಗೆ ತಾಗಿಕೊಂಡೇ ಇರುತ್ತವೆ. ಬರೀ ನೀರು, ಇಲ್ಲವೇ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬ್ರಷ್ಷಿಗೆ ಬದಲಿ ಅಲ್ಲ: ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ, ವೈದ್ಯರು ಹೇಳದೆ ಎರಡು ವಾರದ ಮೇಲೆ ಬಳಸಬಾರದು, ಪೇಸ್ಟ್ ಹಚ್ಚಿ ಅರ್ಧ ಗಂಟೆಯಾದರೂ ಬಿಟ್ಟು ಹಾಕಬೇಕು.

ಬಾಯಲ್ಲಿ ಹುಣ್ಣಾದರೆ ಬರೀ ಜೆಲ್ ಹಚ್ಚಿ ಸುಮ್ಮನಾಗಬೇಡಿ, ಸಂಧಿವಾತದ ವೈದ್ಯರಿಗೆ ತಿಳಿಸಲೇಬೇಕು. ಮೆಥೊಟ್ರೆಕ್ಸೇಟಿನ ಪ್ರಮಾಣ, ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಎರಡನ್ನೂ ಅವರು ನೋಡುತ್ತಾರೆ.

ಶರಾವತಿದಡ (ಹೊನ್ನಾವರ)

ಬಹಳ ಉಪಕಾರವಾಯಿತು. ಹಿಂಡೋದು ನೋವು ಅಂತ ಅವಳು ಯಾವತ್ತೂ ಹೇಳಿರಲಿಲ್ಲ, ಕೇಳಿದಾಗ ಹೌದು ಅಂದಳು. ಇನ್ನೆರಡು ವಿಷಯ. ಹಂಡೆ ಒಲೆಯ ಹೊಗೆ ಆಗೋದಿಲ್ಲ ಅಂತ ಒಳಗಿನ ಸಣ್ಣ ಬಾತ್‌ರೂಮಿಗೆ ಗ್ಯಾಸ್ ಗೀಸರ್ ಹಾಕಿಸೋ ಯೋಚನೆ ಇದೆ, ಸರಿಯೇ? ಮತ್ತೆ ಮಳೆಗಾಲದ ಬಟ್ಟೆ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ ಅಂತ ಹಾಕೋದೇ ಇಲ್ಲ, ಒಳಗೆ ಹರವಿದರೆ ಮುಗ್ಗು ವಾಸನೆ.

ಕಾಳಿನದಿ (ಕಾರವಾರ)

ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೆ ಬೇಡ. ಉರಿಯುವಾಗ ಅದು ಕೋಣೆಯ ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಳೆಗೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಕೆಲವೇ ನಿಮಿಷದಲ್ಲಿ ತಲೆಸುತ್ತು, ಎಚ್ಚರ ತಪ್ಪೋದು, ಸಾವು. ನಿಧಾನವಾಗಿ ಮೀಯುವವರಿಗೆ ಅಪಾಯ ಹೆಚ್ಚು. ಹಾಕಿಸಲೇಬೇಕಾದರೆ ಯಂತ್ರ ಹೊರಗೋಡೆಗೆ, ಮಾಡಿನ ಕೆಳಗೆ ಇರಲಿ, ಪೈಪ್ ಮಾತ್ರ ಒಳಗೆ ಬರಲಿ. ವಿದ್ಯುತ್ ಗೀಸರ್ ಆದರೆ ಅರ್ತಿಂಗ್ ಪರೀಕ್ಷೆ ಮಾಡಿಸಿ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಅವಳ ಕೈಗೆ ಕೊಡಬೇಡಿ: ಸ್ವಿಚ್ ಆರಿಸಿ ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಬೇಕು, ಖಿನ್ನತೆಯಲ್ಲಿ ಗಮನ ತಪ್ಪೋದು ಕಾಯಿಲೆಯ ಭಾಗ.

ಒಳಗಿನ ಬಾತ್‌ರೂಮಿಗೆ ಬಕೆಟ್ಟಿನಲ್ಲಿ ಹಂಡೆ ನೀರು ನೀವು ತಂದಿಟ್ಟರೆ ಖರ್ಚಿಲ್ಲದೆ ಕೆಲಸ ಮುಗಿಯಿತಲ್ಲ. ಚಿಲಕ ಹಾಕೋದು ಬೇಡ, ಬಾಗಿಲು ಮುಂದೆ ಮಾಡಿದರೆ ಸಾಕು ಅಥವಾ ಪರದೆ.

ತೋಟದಂಚು (ಶಿರಸಿ)

ಬಟ್ಟೆ ಮತ್ತು ಕೂದಲಿಗೆ ನಾನು ಸೇರಿಸುತ್ತೇನೆ.

ಮುಗ್ಗು ವಾಸನೆ ಬರೋದು ಬಟ್ಟೆ ಒಣಗೋಕೆ ತಡವಾಗಿದ್ದಕ್ಕೆ. ಮೈಗೆ ತಾಗುವ ಬಟ್ಟೆಯನ್ನಷ್ಟೇ ಬೇರೆ ಮಾಡಿ: ಒಳಉಡುಪು, ತೆಳು ಹತ್ತಿ ನೈಟಿ, ಪಾಣಿಪಂಚೆ. ದಪ್ಪ ಟರ್ಕಿ ಟವೆಲ್ ಶಿರಸಿ ಮಳೆಯಲ್ಲಿ ಎರಡು ದಿನವಾದರೂ ಆರೋದಿಲ್ಲ, ಎತ್ತಿಡಿ. ಡಿಟರ್ಜೆಂಟ್ ಮಾಮೂಲಿನ ಅರ್ಧ ಹಾಕಿ ಎರಡು ನೀರಿನ ಬದಲು ಮೂರು ನೀರಿನಲ್ಲಿ ಜಾಲಿಸಿ. ಪರಿಮಳದ ಕಂಡೀಷನರ್ ಬೇಡ. ಒಳಕೋಣೆಯ ಹಗ್ಗಕ್ಕೆ ಒಂದು ಗೇಣು ಬಿಟ್ಟು ಬಿಟ್ಟು ಹರವಿ, ಕೆಳಗಿನಿಂದ ಮೇಲಕ್ಕೆ ಗಾಳಿ ಹೋಗುವಂತೆ ಟೇಬಲ್ ಫ್ಯಾನ್ ಇಡಿ. ಕೊನೆಯ ಪಸೆ ತೆಗೆಯೋಕೆ ಬಿಸಿ ಇಸ್ತ್ರಿ, ಮುಖ್ಯವಾಗಿ ಹೊಲಿಗೆ ಮತ್ತು ಎಲಾಸ್ಟಿಕ್ ಪಕ್ಕ. ತೊಡೆಸಂದಿಯ ಶಿಲೀಂಧ್ರ ಮತ್ತೆ ಮತ್ತೆ ಬರೋದು ಈ ಅರೆಒಣಗಿದ ಒಳಉಡುಪಿನಿಂದಲೂ ಹೌದು. ಹೊಲಿಗೆ, ಲೇಬಲ್ ಚುಚ್ಚಿದರೆ ಒಳಉಡುಪನ್ನು ಒಳಹೊರಗು ಮಾಡಿ ಹಾಕಿಕೊಳ್ಳಲಿ, ಯಾರಿಗೂ ಕಾಣೋದಿಲ್ಲ.

ಕೆಂಪಾದ ಜಾಗಕ್ಕೆ ಮೆಡಿಕಲ್ ಶಾಪಿನಿಂದ ತಾವೇ ತಂದು ಹಚ್ಚುವ ಮಿಶ್ರ ಮುಲಾಮು ಬೇಡ. ಕ್ಲೊಬೆಟಸಾಲ್, ಬೀಟಾಮೆಥಸೋನ್ ಅಂತ ಹೆಸರಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಮೊದಲ ವಾರ ತುರಿಕೆ ನಿಂತಂತೆ ಅನ್ನಿಸಿ, ಆಮೇಲೆ ಗಜಕರ್ಣ ದೊಡ್ಡದಾಗಿ ಹರಡುತ್ತದೆ, ಚರ್ಮ ತೆಳ್ಳಗಾಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರು ಚರ್ಮರೋಗ ವೈದ್ಯರಿಗೆ ತೋರಿಸಿಯೇ ಹಚ್ಚಬೇಕು, ತುರಿಕೆ ನಿಂತಿತು ಅಂತ ಅರ್ಧಕ್ಕೆ ಬಿಡಬಾರದು. ಮಡಿಕೆಗೆ ಪೌಡರ್ ಸುರಿಯೋದೂ ಬೇಡ, ಬೆವರಿಗೆ ಕಲೆಸಿ ಹಿಟ್ಟಾಗಿ ಉಜ್ಜುತ್ತದೆ. ಒಣ ಹತ್ತಿ ಬಟ್ಟೆಯ ತುಂಡು ಸ್ತನದ ಕೆಳಗೆ ಇಟ್ಟು, ಒದ್ದೆಯಾದಾಗ ಬದಲಿಸಿ. ಕಂಕುಳ ವಾಸನೆಗೆ ಪರಿಮಳದ ಸ್ಪ್ರೇ ಆಗದವರಿಗೆ ಪಟಿಕ ಒಳ್ಳೇದು: ನೀರಿನಲ್ಲಿ ಅದ್ದಿ ಒಂದೆರಡು ಸಲ ಎಳೆದರೆ ಸಾಕು, ಯಾವ ವಾಸನೆಯೂ ಇಲ್ಲ. ಗಾಯ, ಕೆಂಪು ಇರುವಲ್ಲಿ ಮಾತ್ರ ಬೇಡ.

ಕೂದಲ ಗಂಟನ್ನು ಒದ್ದೆ ಮಾಡಬೇಡಿ, ಇದು ಎಲ್ಲರೂ ಮಾಡೋ ತಪ್ಪು. ನೀರು ತಾಗಿದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಒಣಗಿದ ಕೂದಲಿಗೇ 2-3 ಚಮಚ ಕೊಬ್ಬರಿ ಎಣ್ಣೆ ಅಥವಾ ಪರಿಮಳ ಕಡಿಮೆಯ ಕಂಡೀಷನರ್ ಹಚ್ಚಿ ಅರ್ಧ ಗಂಟೆ ಬಿಡಿ. ಗಂಟನ್ನು ಬೆರಳಿನಲ್ಲೇ ಮೊದಲು ನಾಲ್ಕೈದು ಪಾಲು ಮಾಡಿ. ಒಂದು ಪಾಲಿನ ಬುಡವನ್ನು ನೆತ್ತಿಯ ಹತ್ತಿರ ಗಟ್ಟಿಯಾಗಿ ಹಿಡಿದುಕೊಳ್ಳಿ, ಎಳೆತ ಚರ್ಮಕ್ಕೆ ತಾಗಬಾರದು. ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಒಂದು ಅಂಗುಲ ಬಿಡಿಸಿ, ಆಮೇಲೆ ಅದರ ಮೇಲಿನ ಅಂಗುಲ. ದಿನಕ್ಕೆ 10-15 ನಿಮಿಷ ಸಾಕು, ಮುಗಿಯದಿದ್ದರೆ ನಾಳೆ. ಬಿಡಿಸಿದ ಪಾಲನ್ನು ಸಡಿಲವಾಗಿ ಹೆಣೆದುಬಿಡಿ, ರಾತ್ರಿ ಮತ್ತೆ ಸಿಕ್ಕಾಗೋದಿಲ್ಲ. ಕತ್ತರಿಸೋದು ಅವಳ ಇಷ್ಟ. ಉದ್ದ ಕೂದಲಿನ ಮೇಲೆ ಮನೆಯವರಿಗೆ ಎಷ್ಟೇ ಆಸೆ ಇದ್ದರೂ ಅವಳು ಕೇಳಿದರೆ ಭುಜದ ಮಟ್ಟಕ್ಕೆ ಕತ್ತರಿಸಿಕೊಡಿ, ತೊಳೆಯುವ ನೀರು, ಒಣಗುವ ಹೊತ್ತು ಎರಡೂ ಅರ್ಧಕ್ಕಿಳಿಯುತ್ತವೆ.

ತಲೆ ತೊಳೆಯೋದನ್ನು ಮೈ ಸ್ನಾನದಿಂದ ಬೇರೆ ದಿನಕ್ಕೆ ಹಾಕಿ. ಮಂಚದ ಅಂಚಿಗೆ ತಲೆ ಬರುವಂತೆ ಮಲಗಿ, ಕುತ್ತಿಗೆಗೆ ಸುತ್ತಿದ ಟವೆಲ್, ಕೆಳಗೆ ಬಕೆಟ್. ಮುಖಕ್ಕೆ, ಕಿವಿಗೆ ಹನಿ ಬೀಳೋದಿಲ್ಲ. ಸಂಧಿವಾತ ಕುತ್ತಿಗೆಗೂ ಬಂದಿದೆ ಎಂದು ವೈದ್ಯರು ಹೇಳಿದ್ದರೆ ಹೀಗೆ ಹಿಂದಕ್ಕೆ ಬಾಗಿಸಬಾರದು. ಆಗ ಕೂತಲ್ಲೇ ಒದ್ದೆ ಬಟ್ಟೆಯಿಂದ ನೆತ್ತಿ ಒತ್ತಿ ಒರೆಸಿ. ದಾಸವಾಳ ಸೊಪ್ಪಿನ ಲೋಳೆಗೆ ವಾಸನೆ ಕಡಿಮೆ, ಉರಿ ಇಲ್ಲ, ಆದರೆ ಆ ಜಾರು ಸ್ಪರ್ಶ ಕೆಲವರಿಗೆ ಸಹಿಸೋದಿಲ್ಲ. ಮೊದಲು ಬೆರಳಿಗೆ ಕೊಟ್ಟು ನೋಡಿ. ಶೀಗೆಪುಡಿ ಬೇಡ, ಕಣ್ಣಿಗೆ ಬಿದ್ದರೆ ಉರಿ, ಕೂದಲಲ್ಲಿ ತರಿ ಉಳಿಯುತ್ತದೆ.

ಅಘನಾಶಿನಿ (ಮನೋವೈದ್ಯಕೀಯ ಶುಶ್ರೂಷೆ)

ಆಯಿಯ ಮಾತಿಗೆ ಬರುತ್ತೇನೆ, ಯಾಕೆಂದರೆ ಅಲ್ಲೇ ದಿನ ಕೆಡುತ್ತಿದೆ. ರುಮಟಾಯ್ಡಿನಲ್ಲಿ ಬೆಳಗಿನ ಬಿಗಿತ ಬಿಡೋಕೆ ಒಂದು ತಾಸಿಗಿಂತ ಹೆಚ್ಚು ಬೇಕಾಗಬಹುದು. ನೋವಿನ ಮಾತ್ರೆ, ಸ್ಟಿರಾಯ್ಡ್ ಇದ್ದರೆ ಅದನ್ನು ಖಾಲಿ ಹೊಟ್ಟೆಗೆ ಕೊಡುವಂತಿಲ್ಲ. ಹಾಗಾಗಿ ಮೀಯೋದಕ್ಕೆ ಮುಂಚೆ ತಿಂಡಿ, ತಿಂಡಿಯ ಮೇಲೆ ಮಾತ್ರೆ, ಸ್ನಾನ 11 ಗಂಟೆಗೋ ಸಂಜೆಗೋ. ಆಯಿಗೆ ಇದನ್ನು ‘ಮಡಿ ಬಿಡು’ ಅಂತ ಹೇಳಬೇಡಿ, ‘ಔಷಧಿ ಹೊಟ್ಟೆ ಸುಡುತ್ತದೆ, ಡಾಕ್ಟರು ಮೊದಲು ತಿನ್ನಿಸಿ ಅಂದಿದ್ದಾರೆ’ ಅಂತ ಹೇಳಿ. ಸಾಧ್ಯವಾದರೆ ವೈದ್ಯರ ಬಾಯಿಂದಲೇ ಹೇಳಿಸಿ. ಬೇಕಾದರೆ ತಿಂಡಿ ಅವಳ ಕೋಣೆಗೇ ಹೋಗಲಿ, ಅಡುಗೆಮನೆಯ ನೇಮಕ್ಕೆ ತೊಂದರೆ ಇಲ್ಲ.

ಕೇಳುವ ರೀತಿ ಬದಲಿಸಿ. ‘ಇವತ್ತಾದ್ರೂ ಮೀಯ್ತ್ಯಾ?’ ಅನ್ನೋದಕ್ಕೆ ಉತ್ತರ ‘ಇಲ್ಲ’ ಅಂತಲೇ ಬರುತ್ತದೆ. ‘ನೀರು ಬಿಸಿ ಇದೆ. ಪಾದ ತೊಳೀತ್ಯಾ, ಕಂಕುಳು ಒರೆಸ್ಕೊಳ್ತ್ಯಾ?’ ಅಂತ ಎರಡು ಸಣ್ಣ ಕೆಲಸ ಮುಂದಿಡಿ. ಒಂದು ಮುಗಿದರೆ ಅಲ್ಲಿಗೇ ನಿಲ್ಲಿಸಿ, ‘ಹೇಗೂ ಎದ್ದಿದೀಯ, ತಲೆಗೂ ಹಾಕ್ಕೊಂಡ್ಬಿಡು’ ಅಂದರೆ ನಾಳೆ ಪಾದಕ್ಕೂ ಏಳೋದಿಲ್ಲ. ವಾಸನೆ ಬರುತ್ತಿದೆ ಅಂತ ನೆಂಟರ ಮುಂದೆ ಹೇಳೋದಂತೂ ಬೇಡವೇ ಬೇಡ.

ತಲೆಸುತ್ತಿನ ಬಗ್ಗೆ ಎಚ್ಚರ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಕೆಲವು ಮನೋರೋಗದ ಮಾತ್ರೆಗಳೂ ಎದ್ದು ನಿಂತಾಗ ಒತ್ತಡ ಇಳಿಸುತ್ತವೆ. ಮುಂಚೆ ಒಂದು ಲೋಟ ನೀರು ಕುಡಿಯಲಿ, ಕೂತೇ ಮೀಯಲಿ, ಮುಗಿದ ಮೇಲೆ ಐದು ನಿಮಿಷ ಕೂತು ಆಮೇಲೆ ಏಳಲಿ. ಕೆಲವು ಖಿನ್ನತೆಯ ಮಾತ್ರೆಗಳಿಂದ ಬೆವರು ಜಾಸ್ತಿಯಾಗುತ್ತದೆ. ಹೌದಾದರೆ ವೈದ್ಯರಿಗೆ ತಿಳಿಸಿ, ಬದಲಿ ಇರುತ್ತದೆ. ನೀವೇ ನಿಲ್ಲಿಸಬೇಡಿ.

ಶುಚಿತ್ವ ಮೊದಲಿಗಿಂತ ಕುಸಿಯೋದನ್ನೂ ವೈದ್ಯರಿಗೆ ಲಕ್ಷಣ ಅಂತಲೇ ಹೇಳಬೇಕು. ‘ಈ ತಿಂಗಳು ಎಷ್ಟು ಸಲ ಆಯಿತು’ ಅಂತ ಲೆಕ್ಕ ಕೊಟ್ಟರೆ ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇರುತ್ತದೆ, ಹೋಗುವ ಮುಂಚೆ ಆಸ್ಪತ್ರೆಗೆ ಕೇಳಿಕೊಳ್ಳಿ. ದೊಡ್ಡ ಆಸ್ಪತ್ರೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ (ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ). ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಊಟ-ನೀರು ಬಿಟ್ಟರೆ, ಸಾಯುವ ಮಾತು ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಚರ್ಮ ಬಿಸಿಯಾಗಿ ಊದಿ ಜ್ವರ ಬಂದರೂ ಅದೇ ದಿನ. ಮೆಥೊಟ್ರೆಕ್ಸೇಟ್ ಇರುವಾಗ ಸೋಂಕು ಬೇಗ ಏರುತ್ತದೆ.

ಶರಾವತಿದಡ (ಹೊನ್ನಾವರ)

ಸ್ಟೂಲ್, ಎರಡು ಹಿಡಿಯ ಮಗ್ ನಾಳೆ ಪೇಟೆಯಿಂದ ತರಿಸುತ್ತೇನೆ. ಕೊನೆಯದೊಂದು: ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಪ್ಲಾಸ್ಟಿಕ್ ಹೊದಿಕೆ ಚುಚ್ಚುತ್ತದೆ ಅಂತಾಳೆ, ಬಟ್ಟೆ ಬಳಸಲೇ?

ತೋಟದಂಚು (ಶಿರಸಿ)

ಬೇಸಿಗೆಯಲ್ಲಾದರೆ ಬಟ್ಟೆ ಪ್ಯಾಡ್ ಅಡ್ಡಿಲ್ಲ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಅದು ಆಗೋದಿಲ್ಲ, ಒಳಪದರ ಹಸಿಯಾಗಿಯೇ ಉಳಿದು ಸೋಂಕು ತರುತ್ತದೆ. ಈ ತಿಂಗಳುಗಳಿಗೆ ಮೇಲ್ಪದರ ಹತ್ತಿಯದ್ದು, ಪರಿಮಳವಿಲ್ಲದ್ದು ಅಂತ ಬರೆದಿರುವ ಬಿಸಾಡುವ ಪ್ಯಾಡ್ ತನ್ನಿ. ರೆಕ್ಕೆಯ ಅಂಚು ತೊಡೆಗೆ ತಾಗಿ ಚುಚ್ಚುತ್ತಿದ್ದರೆ ರೆಕ್ಕೆ ಇಲ್ಲದ್ದು. 4ರಿಂದ 6 ಗಂಟೆಗೊಮ್ಮೆ ಬದಲಿಸಲಿ; ನೆನಪಿರೋದಿಲ್ಲವಾದರೆ ಊಟ, ಚಹಾ ಮತ್ತು ರಾತ್ರಿ ಮಾತ್ರೆಯ ಹೊತ್ತಿಗೆ ಜೋಡಿಸಿ. ಪ್ಯಾಡ್, ಸುತ್ತೋಕೆ ಪೇಪರು, ಬದಲಿ ಒಳಉಡುಪು ಒಂದೇ ಡಬ್ಬಿಯಲ್ಲಿ ಹಾಕಿ ಒಳಗಿನ ಬಾತ್‌ರೂಮಿನಲ್ಲಿ ಸೊಂಟದ ಎತ್ತರಕ್ಕೆ ಇಟ್ಟುಬಿಡಿ. ಡಬ್ಬಿಯ ಮುಚ್ಚಳ ತಿರುಗಿಸುವಂಥದ್ದು ಬೇಡ, ಅವಳ ಬೆರಳಿಗೆ ಎತ್ತುವ ಮುಚ್ಚಳವೇ ಸುಲಭ.